ಎಂಟಾಣೆಯ ವಿಕೆಟ್ಟು

2024ರ ಸೆಪ್ಟೆಂಬರ್ 5ರಂದು ಅನಂತಪುರದಲ್ಲಿ ದುಲೀಪ್ ಟ್ರೋಫಿ ಶುರುವಾದಾಗ ನಮ್ಮ ಪೆನುಕೊಂಡ, ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಹುಡುಗರಿಗೆ ಅದು ಹಬ್ಬವೇ ಆಯಿತು. ಟೀವಿಯಲ್ಲಷ್ಟೇ ಕಂಡಿದ್ದ ಶ್ರೇಯಸ್ ಅಯ್ಯರ್, ಋತುರಾಜ್ ಗಾಯಕ್ವಾಡ್ ಕಣ್ಣೆದುರೇ ಆಡುತ್ತಾರೆಂದರೆ ಸುಮ್ಮನಿರಲಾಗುತ್ತದೆಯೇ? ಜನ ಬಂದದ್ದು ಬ್ಯಾಟು ಬೀಸುವವರನ್ನು ನೋಡಲು. ಪಂದ್ಯ ಗೆಲ್ಲಿಸಿದವನು ಮಾತ್ರ ರಾಜಸ್ಥಾನದ ಮಾನವ್ ಸುತಾರ್ ಎಂಬ ಎಡಗೈ ಸ್ಪಿನ್ನರ್. ಎರಡನೇ ಇನ್ನಿಂಗ್ಸಿನಲ್ಲಿ 49 ರನ್ನಿಗೆ 7 ವಿಕೆಟ್ ಕಿತ್ತ. ಪಂದ್ಯಶ್ರೇಷ್ಠನೂ ಅವನೇ ಆದ.

ಆ ಮೈದಾನ ಸರ್ಕಾರದ್ದಲ್ಲ, ಯಾವ ರಾಜನದ್ದೂ ಅಲ್ಲ. ಸ್ಪೇನಿನಿಂದ ಬಂದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ನೆಲೆಯೂರಿ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿನದು. ನಮ್ಮ ಜನರ ಬಾಯಲ್ಲಿ ಆರ್‌ಡಿಟಿ. ಈ ಬರದ ಸೀಮೆಯ ದಲಿತ ಕೇರಿಗಳಲ್ಲಿ ಮನೆ, ಶಾಲೆ, ಆಸ್ಪತ್ರೆ ಅಂತ ಕೆಲಸ ಮಾಡುತ್ತ ಬಂದ ಸಂಸ್ಥೆ ಅದು. ಅಂಥವರ ಅಂಗಳದಲ್ಲಿ ಒಬ್ಬ ಎಡಗೈ ಸ್ಪಿನ್ನರ್ ಏಳು ವಿಕೆಟ್ ಕಿತ್ತ ಸುದ್ದಿ ಓದಿದಾಗ ನನಗೆ ನೆನಪಾದವರು ಪಾಳವಣಕರ್ ಬಾಳೂ. ಈ ದೇಶದಲ್ಲಿ ಎಡಗೈ ಸ್ಪಿನ್ನಿನ ಮೊದಲ ದೊಡ್ಡ ಹೆಸರು ಅವರದು. ಹುಟ್ಟಿದ್ದು ಧಾರವಾಡದಲ್ಲಿ. ಜಾತಿಯಲ್ಲಿ ಚಮ್ಮಾರರು. ಕ್ರಿಕೆಟ್ ಅಂಗಳಕ್ಕೆ ಅವರು ಕಾಲಿಟ್ಟದ್ದು ಚೆಂಡು ಹಾಕಲು ಅಲ್ಲ, ಕಸ ಗುಡಿಸಲು.

ಹುಟ್ಟಿದ ವರ್ಷ 1876 ಎಂದು ಸಾಮಾನ್ಯವಾಗಿ ಬರೆಯುತ್ತಾರೆ, 1875 ಎನ್ನುವವರೂ ಇದ್ದಾರೆ. ಪಾಳವಣ ಎಂಬ ಕೊಂಕಣದ ಹಳ್ಳಿಯಿಂದ ಮನೆತನದ ಹೆಸರು ಬಂತು. ತಂದೆಗೆ ಸೈನ್ಯದ ನೌಕರಿ, ಮನೆಮಾತು ಮರಾಠಿ. ಹಾಗಾದರೆ ಅವರು ನಮ್ಮವರೋ ಅವರವರೋ ಎಂದು ಯಾರಾದರೂ ಕೇಳಬಹುದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ದರ್ಗಾದ ಉರುಸಿನಲ್ಲಿ ಉರ್ದು ಕೇಳಿಕೊಂಡು ಬೆಳೆದ ಪೆನುಕೊಂಡದವರಿಗೆ ಈ ಪ್ರಶ್ನೆ ಹಾಕಿ ಪ್ರಯೋಜನವಿಲ್ಲ. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ನಾವು ಮದ್ರಾಸಿನಲ್ಲಿದ್ದೆವು. ಗೆರೆಗಳು ಆಮೇಲೆ ಬಂದವು.

ಬಾಳೂ ಬೆಳೆದದ್ದು ಪುಣೆಯಲ್ಲಿ. ದಂಡಿನ ಪ್ರದೇಶದಲ್ಲಿ ಬಿಳಿಯ ಅಧಿಕಾರಿಗಳು ಆಡಿ ಬಿಟ್ಟ ಹಳೇ ಬ್ಯಾಟು, ಹಳೇ ಚೆಂಡು ಅವರಿಗೂ ತಮ್ಮ ಶಿವರಾಮನಿಗೂ ಸಿಕ್ಕವು. ಸಲಕರಣೆ ಹಾಗೆ ಬಂತು. ಹೊಟ್ಟೆಪಾಡಿಗೆ ಒಂದು ಪಾರ್ಸಿ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ಚು ಗುಡಿಸಿ ರೋಲರ್ ಎಳೆಯುವ ಕೆಲಸ ಹಿಡಿದರು. ತಿಂಗಳಿಗೆ 3 ರೂಪಾಯಿ. 1892ರಲ್ಲಿ ಬಿಳಿಯರ ಪೂನಾ ಕ್ಲಬ್ಬಿಗೆ ಹೋದರು, ಅಲ್ಲಿ 4 ರೂಪಾಯಿ. ಪಿಚ್ಚಿಗೆ ರೋಲರ್ ಎಳೆಯುವುದು, ಗೆರೆ ಹಾಕುವುದು, ನೆಟ್ಟು ಕಟ್ಟುವುದು, ಬಿಡುವಾದರೆ ಟೆನ್ನಿಸ್ ಅಂಗಳ ನೋಡಿಕೊಳ್ಳುವುದು. ಟ್ರಾಸ್ ಎಂಬ ಒಬ್ಬ ಬಿಳಿಯ ಸದಸ್ಯ ಒಂದು ದಿನ, ನೆಟ್ಟಿನಲ್ಲಿ ನನಗೆ ನಾಲ್ಕು ಚೆಂಡು ಹಾಕು ಎಂದನಂತೆ. ಹಾಕಿದರು. ಅಲ್ಲಿಂದ ಆ ಕ್ಲಬ್ಬಿನ ಸದಸ್ಯರು ಬ್ಯಾಟು ಹಿಡಿದು ನೆಟ್ಟಿಗೆ ಬಂದಾಗಲೆಲ್ಲ ಅಂಗಳದ ಆಳು ಚೆಂಡು ಹಾಕಬೇಕಾಯಿತು.

ಅವರಲ್ಲಿ ಮುಖ್ಯನಾದವನು ಕ್ಯಾಪ್ಟನ್ ಜೆ. ಜಿ. ಗ್ರೇಗ್. ಹ್ಯಾಂಪ್‌ಶೈರ್ ಪರ ಆಡಿದ ಸೈನ್ಯಾಧಿಕಾರಿ. ಗೆಳೆಯರು ಇಟ್ಟ ಅಡ್ಡಹೆಸರು ಜಂಗ್ಲಿ. ಆ ಕಾಲದ ಇಂಡಿಯಾದಲ್ಲಿ ಬಿಳಿಯರ ಪೈಕಿ ಅವನಷ್ಟು ಚೆನ್ನಾಗಿ ಬ್ಯಾಟಿಂಗ್ ಮಾಡುವವರು ಇರಲಿಲ್ಲವೆಂದೇ ಹೇಳುತ್ತಾರೆ. ಅವನು ಬೇರೆಯವರು ಬರುವ ಒಂದು ತಾಸು ಮುಂಚೆಯೇ ಬಂದು ಬಾಳೂ ಎದುರು ಆಡುತ್ತಿದ್ದ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನಂತೆ. ಇದು ಬಾಯಿಂದ ಬಾಯಿಗೆ ಬಂದ ಮಾತು, ಎಷ್ಟು ನಿಜವೋ. ಆದರೂ ಲೆಕ್ಕ ಹಾಕಿ ನೋಡುವ ಚಪಲ ಬಿಡುವುದಿಲ್ಲ. ತಿಂಗಳಿಡೀ ರೋಲರ್ ಎಳೆದರೆ 4 ರೂಪಾಯಿ. ಎಂಟಾಣೆಯಂತೆ ಎಂಟು ಸಲ ಗ್ರೇಗನನ್ನು ಬೀಳಿಸಿದರೆ ಅದೇ 4 ರೂಪಾಯಿ.

ಇಷ್ಟು ಗಂಟೆ ಚೆಂಡು ಹಾಕಿಯೂ ಪೂನಾ ಕ್ಲಬ್ಬಿನಲ್ಲಿ ಒಂದು ದಿನವೂ ಅವರ ಕೈಗೆ ಬ್ಯಾಟು ಕೊಡಲಿಲ್ಲ. ನನ್ನ ಮಟ್ಟಿಗೆ ಬಾಳೂ ಬದುಕಿನ ಕೀಲಿಕೈ ಇರುವುದು ಇಲ್ಲಿ. ನಮ್ಮ ದೇಶದಲ್ಲಿ ಬ್ಯಾಟಿಂಗ್ ದೊರೆತನದ ಕೆಲಸ, ಬೌಲಿಂಗ್ ಆಳಿನ ಕೆಲಸ. ರಣಜಿ ದೊರೆ, ದುಲೀಪ್ ದೊರೆಯ ಮನೆಯ ಕುಡಿ. ಎರಡು ದೊಡ್ಡ ಟ್ರೋಫಿಗಳ ಹೆಸರು ಅಲ್ಲಿಂದ ಬಂದವು. ಬಿಸಿಲಲ್ಲಿ ಬೆವರು ಸುರಿಸಿ ಮತ್ತೆ ಮತ್ತೆ ಅದೇ ಚೆಂಡು ಹಾಕುವುದಕ್ಕೆ ಆಳು ಬೇಕು, ಆಡುವುದಕ್ಕೆ ಒಡೆಯ ಬೇಕು. ಚಮ್ಮಾರರ ಹುಡುಗ ಆಟದೊಳಗೆ ಬರಲು ಸಾಧ್ಯವಾದದ್ದು ಬೌಲಿಂಗನ್ನು ಯಾರೂ ದೊಡ್ಡ ಗೌರವವೆಂದು ಎಣಿಸದೆ ಇದ್ದುದರಿಂದ. ಮುಂದೆ ನಾಯಕತ್ವದ ಮಾತು ಬಂದಾಗ ಬಾಗಿಲು ಮುಚ್ಚಿದ್ದೂ ಅದರಿಂದಲೇ.

ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಚೆಂಡೆಸೆಯುವವನ ಕಥೆ ಬೇರೆಯಿತ್ತು. ಬೇಸ್‌ಬಾಲಿನಲ್ಲಿ ಪಿಚರ್ ಅಂದರೆ ತಂಡದ ಅರ್ಧ ಭಾರ ಹೊತ್ತವನು. ಅವನಿಗೆ ಕರಾರುಪತ್ರ, ಸಂಬಳ, ಪತ್ರಿಕೆಗಳಲ್ಲಿ ಚಿತ್ರ. 1905ರ ವರ್ಲ್ಡ್ ಸೀರೀಸಿನಲ್ಲಿ ಕ್ರಿಸ್ಟಿ ಮ್ಯಾಥ್ಯೂಸನ್ ಎದುರಾಳಿಗೆ ಒಂದೂ ರನ್ ಕೊಡದೆ ಮೂರು ಪಂದ್ಯ ಗೆಲ್ಲಿಸಿ ದೇಶದ ಕಣ್ಮಣಿಯಾದ. ಆದರೆ ಈ ಭಾಗ್ಯ ಬಿಳಿಯರಿಗೆ ಮಾತ್ರ. ಟೆಕ್ಸಾಸಿನಲ್ಲಿ 1879ರಲ್ಲಿ ಹುಟ್ಟಿದ ಕಪ್ಪು ಪಿಚರ್ ರೂಬ್ ಫಾಸ್ಟರ್ ದೊಡ್ಡ ಲೀಗುಗಳಲ್ಲಿ ಒಂದು ಚೆಂಡೂ ಎಸೆಯಲಿಲ್ಲ. ಮ್ಯಾಥ್ಯೂಸನ್‌ನ ಪ್ರಸಿದ್ಧ ಎಸೆತವನ್ನು ಗುಟ್ಟಾಗಿ ಕಲಿಸಿಕೊಟ್ಟವನು ಫಾಸ್ಟರನೇ ಎಂಬ ಮಾತಿದೆ. ಗ್ರೇಗನ ಎಂಟಾಣೆಯ ಹಾಗೆ ಇದಕ್ಕೂ ಸಾಕ್ಷಿ ಕೇಳಬಾರದು. ಕಪ್ಪು ಆಟಗಾರರನ್ನು ಸೇರಿಸಬಾರದೆಂಬ ನಿಯಮ ದೊಡ್ಡ ಲೀಗುಗಳ ಪುಸ್ತಕದಲ್ಲಿ ಇರಲಿಲ್ಲ. ಯಜಮಾನರು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು, ಅಷ್ಟೇ. ಪುಣೆಯಲ್ಲೂ ಯಾರೂ ಏನನ್ನೂ ಬರೆದಿಟ್ಟಿರಲಿಲ್ಲ.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಬಿಳಿಯರನ್ನು ಸೋಲಿಸುವ ಹಟ. ಬಿಳಿಯರ ನೆಟ್ಟಿನಲ್ಲಿ ಪಳಗಿದ ಈ ಬೌಲರ್ ಬೇಕು. ಆದರೆ ಅವನು ಅಸ್ಪೃಶ್ಯ. ಕೆಲವು ಬ್ರಾಹ್ಮಣ ಸದಸ್ಯರು ಸೇರಿಸೋಣ ಅಂದರು, ಕೆಲವರು ಕೂಡದು ಅಂದರು. ಇಂಥ ಬೌಲರನ್ನು ಬಿಟ್ಟರೆ ನಿಮ್ಮಂಥ ಮೂರ್ಖರಿಲ್ಲ ಎಂಬರ್ಥದ ಮಾತನ್ನು ಗ್ರೇಗ್ ಪತ್ರಿಕೆಯವರೆದುರು ಆಡಿದ ಮೇಲೆ ಹಗ್ಗ ಈ ಕಡೆ ಜಗ್ಗಿತು. ಬಾಳೂ ತಂಡ ಸೇರಿದರು.

ಅಂಗಳದೊಳಗೆ ಎಲ್ಲರೂ ಒಂದೇ ಚೆಂಡು ಮುಟ್ಟುತ್ತಿದ್ದರು. ಆ ಚೆಂಡು ಚರ್ಮದ್ದು ಎಂಬುದು ಯಾರಿಗೂ ಮೈಲಿಗೆ ಅನ್ನಿಸಲಿಲ್ಲ, ಗಮನಿಸಿ. ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ನಿಗೆ ಹೋದರೆ ಬಾಳೂಗೆ ಹೊರಗೇ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಲು ನೀರು ಬೇಕಾದರೆ ಇನ್ನೊಬ್ಬ ಅಸ್ಪೃಶ್ಯ ಆಳೇ ತಂದು ಕೊಡಬೇಕು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳ್ಳಿ ಹೋಟೆಲುಗಳ ಹೊರಗೆ ಚಪ್ಪರದ ಗಳಕ್ಕೆ ಸಿಕ್ಕಿಸಿಟ್ಟ ಬೇರೆ ಲೋಟಗಳನ್ನು ಕಂಡವರು ಇನ್ನೂ ಬದುಕಿದ್ದಾರೆ. ಕುಡಿದವನೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಿ ಹೋಗಬೇಕು. ಪುಣೆಯ ಕುಡಿಕೆಗೆ ತೊಳೆಯುವ ಕೆಲಸವೂ ಇರಲಿಲ್ಲ, ಒಡೆದು ಹಾಕಿದರೆ ಮುಗಿಯಿತು.

ಸಾತಾರಾದ ಪಂದ್ಯದ ಕಥೆ ಇಲ್ಲಿ ಹೇಳಲೇಬೇಕು. ಅಲ್ಲಿಯ ಬಿಳಿಯರ ಜಿಮ್ಖಾನಾದವರು ಬಾಳೂ ಬರುತ್ತಾರೆಂದು ಗೊತ್ತಾಗಿ ಒಂದು ವಾರ ಪಿಚ್ಚಿಗೆ ರೋಲರ್ ಹಾಕಿಸಿದರಂತೆ. ನೆಲ ಕಲ್ಲಾದರೆ ಚೆಂಡು ತಿರುಗುವುದಿಲ್ಲ ಎಂಬ ಲೆಕ್ಕ. ಪಿಚ್ಚಿನ ವಿಷಯದಲ್ಲಿ ಯಾರ ಮುಂದೆ ಜಾಣತನ ತೋರಿಸುತ್ತಿದ್ದೇವೆ ಎಂದು ಅವರು ಯೋಚಿಸಿರಲಿಲ್ಲ. ರೋಲರ್ ಎಳೆದವನಿಗೆ ನೆಲದ ಗುಣ ಅಂಗಾಲಿಗೇ ಗೊತ್ತು. ನೀರು ಹಾಯಿಸಿ, ಅರೆ ಆರಿದಾಗ ಎಳೆಯಬೇಕು. ತೀರಾ ಹಸಿಯಿದ್ದರೆ ಮಣ್ಣು ರೋಲರಿಗೆ ಮೆತ್ತಿಕೊಳ್ಳುತ್ತದೆ, ತೀರಾ ಒಣಗಿದರೆ ಕೂರುವುದಿಲ್ಲ. ಮೂಲೆಯಲ್ಲೆಲ್ಲೋ ನೀರು ನಿಂತು ಆರಿದ ಕಡೆ ಮಧ್ಯಾಹ್ನದ ಹೊತ್ತಿಗೆ ಬಿರುಕು ಬಿಡುತ್ತದೆ. ಪ್ಯಾಡು ಕಟ್ಟಿಕೊಂಡು ಬರುವ ದೊರೆಗೆ ಇದು ಕಾಣುವುದಿಲ್ಲ. ಬಾಳೂ ಅಲ್ಲಿ 7 ವಿಕೆಟ್ ತೆಗೆದರು, ಪುಣೆಯವರು ಗೆದ್ದರು.

ಗೆದ್ದು ಬಂದವರಿಗೆ ಸನ್ಮಾನವಾಯಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಬಾಳೂಗೆ ಹಾರ ಹಾಕಿ, ಇವರ ಜೊತೆ ಆಡುವವರು ಇವರ ಜೊತೆ ಉಣ್ಣಲೂ ಬೇಕು ಎಂಬ ಮಾತನ್ನು ಸಭೆಯಲ್ಲೇ ಆಡಿದರು. ಇನ್ನೊಂದು ಸಭೆಯಲ್ಲಿ ಟಿಳಕರೂ ಹೊಗಳಿದರು. ರಾನಡೆ ಹೇಳಿದರೆಂದು ಆ ಸಂಜೆಯೇ ಪಂಕ್ತಿ ಬದಲಾಯಿತೆಂದು ನಾನು ನಂಬಲಾರೆ. ಆದರೆ ಸುಧಾರಕರಿಗೆ ಒಂದು ಉದಾಹರಣೆ ಸಿಕ್ಕಿತ್ತು, ಅದೂ ವಿಕೆಟ್ ಕೀಳುವ ಉದಾಹರಣೆ.

1896ರಲ್ಲಿ ಪ್ಲೇಗು ಬಂತು. ಬಾಳೂ ಮುಂಬಯಿಗೆ ಹೋದರು. ಸ್ವಲ್ಪ ಕಾಲ ಸೈನ್ಯದ ತುಕಡಿಯಲ್ಲಿದ್ದು ಆಮೇಲೆ ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ನೌಕರಿ, ರೈಲ್ವೆ ತಂಡಕ್ಕೆ ಆಟ. ಅಲ್ಲಿಯ ಪರಮಾನಂದದಾಸ ಜೀವನದಾಸ ಹಿಂದೂ ಜಿಮ್ಖಾನಾದಲ್ಲೂ ಮೊದಲು ತಕರಾರು ಎದ್ದಿತು. ನಾಯಕ ಕೀರ್ತಿಕರ್ ಪಟ್ಟು ಹಿಡಿದು ಒಳಗೆ ತಂದರು. ತಮ್ಮ ಶಿವರಾಮನೂ ಬಂದ. ಪುಣೆಯಲ್ಲಿ ಹೊರಗೆ ನಿಂತು ಚಹಾ ಕುಡಿದವರು ಮುಂಬಯಿಯ ಜಿಮ್ಖಾನಾದಲ್ಲಿ ಉಳಿದ ಸದಸ್ಯರ ಜೊತೆ ಕೂತು ಉಂಡರು. ಹತ್ತು ವರ್ಷದಲ್ಲಿ ಇಷ್ಟು ಆಯಿತೆಂಬುದು ಸಣ್ಣ ಮಾತಲ್ಲ.

1906ರ ಫೆಬ್ರವರಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಎದುರಿಸಿದರು. ಬಂಗಾಳ ಒಡೆದು ನಾಲ್ಕು ತಿಂಗಳಾಗಿತ್ತು, ಬೀದಿಗಳಲ್ಲಿ ಸ್ವದೇಶಿಯ ಕಾವು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. 109 ರನ್ನಿನ ಗೆಲುವು. ತಂಡದಲ್ಲಿ ಬಾಳೂ, ಶಿವರಾಮ ಇಬ್ಬರೂ ಇದ್ದರು. ಚಮ್ಮಾರ ಸಹೋದರರನ್ನು ಸೇರಿಸಿಕೊಂಡದ್ದನ್ನು ಇಂಡಿಯನ್ ಸೋಷಿಯಲ್ ರಿಫಾರ್ಮರ್ ಪತ್ರಿಕೆ ಮೆಚ್ಚಿ ಬರೆಯಿತು. ಬೇರೆ ಕಡೆ ಜಾತಿ ನೋಡಿ ಮಣೆ ಹಾಕುತ್ತಿದ್ದ ಸಮಾಜ ಕ್ರಿಕೆಟ್ಟಿನಲ್ಲಿ ಯೋಗ್ಯತೆ ನೋಡಿ ಗೆದ್ದಿದೆ ಎಂಬುದು ಅದರ ತಾತ್ಪರ್ಯ.

ಈ ಪಂದ್ಯ ಬಾಳೂರ ಮೊದಲ ಪ್ರಥಮ ದರ್ಜೆ ಪಂದ್ಯ. ಆಗ ಅವರಿಗೆ ಹೆಚ್ಚುಕಡಿಮೆ ಮೂವತ್ತು. ಇದನ್ನು ಎರಡು ಸಲ ಓದಿಕೊಳ್ಳಬೇಕು. ಪೂನಾ ಕ್ಲಬ್ಬಿಗೆ ಸೇರಿ ಹದಿನಾಲ್ಕು ವರ್ಷ ಕಳೆದಿದ್ದವು. ಭುಜದಲ್ಲಿ ಕಸುವು ತುಂಬಿದ್ದ ಕಾಲವೆಲ್ಲ ನೆಟ್ಟಿನಲ್ಲಿ, ಕ್ಲಬ್ಬಿನ ಪಂದ್ಯಗಳಲ್ಲಿ, ರೈಲ್ವೆ ಆಟಗಳಲ್ಲಿ ಸಂದುಹೋಯಿತು. ಅದ್ಯಾವುದೂ ಲೆಕ್ಕಕ್ಕೆ ಸೇರಲಿಲ್ಲ. ಪಾರ್ಸಿಗಳೂ ಯುರೋಪಿಯನ್ನರೂ 1892ರಿಂದಲೇ ಪ್ರಥಮ ದರ್ಜೆ ಪಂದ್ಯ ಆಡುತ್ತಿದ್ದರು, ಹಿಂದೂಗಳ ಸರದಿ ಬಂದದ್ದೇ 1906ಕ್ಕೆ. ಹಾಗಾಗಿ ದಾಖಲೆ ಪುಸ್ತಕದಲ್ಲಿರುವುದು ಮೂವತ್ತು ದಾಟಿದ ಬಾಳೂ ಮಾತ್ರ. 33 ಪಂದ್ಯ, 179 ವಿಕೆಟ್, ಸರಾಸರಿ 15.21. ಇನ್ನಿಂಗ್ಸಿನಲ್ಲಿ ಐದು ಅಥವಾ ಹೆಚ್ಚು ವಿಕೆಟ್ 17 ಸಲ. ಹದಿನೈದು ರನ್ನಿಗೊಂದು ವಿಕೆಟ್ಟು ಇಳಿವಯಸ್ಸಿನದಾದರೆ ಏರುವಯಸ್ಸಿನದು ಏನಿತ್ತೋ.

ಬೇಸ್‌ಬಾಲಿನ ಕಪ್ಪು ಪಿಚರ್ ಸ್ಯಾಚಲ್ ಪೇಜ್ ದೊಡ್ಡ ಲೀಗಿಗೆ ಕಾಲಿಟ್ಟದ್ದು 1948ರಲ್ಲಿ, 42ನೇ ವಯಸ್ಸಿಗೆ. ಅವನದೂ ಹೀಗೇ ಕಳೆದ ಯೌವನ. ಆದರೆ ಕಪ್ಪು ಜನರ ಲೀಗುಗಳನ್ನು ದೊಡ್ಡ ಲೀಗುಗಳೆಂದೇ ಒಪ್ಪುವುದಾಗಿ ಅಮೆರಿಕದ ಬೇಸ್‌ಬಾಲ್ ಮಂಡಳಿ 2020ರಲ್ಲಿ ಘೋಷಿಸಿತು, 2024ರಲ್ಲಿ ಆ ಅಂಕಿ ಅಂಶಗಳನ್ನು ತನ್ನ ಪುಸ್ತಕಕ್ಕೆ ಸೇರಿಸಿತು. ಆ ಲೀಗುಗಳಲ್ಲಿ ಪಂದ್ಯ ನಡೆದಿತ್ತು, ಯಾರೋ ಅಂಕ ಬರೆದಿಟ್ಟಿದ್ದರು, ಆದ್ದರಿಂದ ಸಾಧ್ಯವಾಯಿತು. ಗ್ರೇಗನಿಗೆ ನೆಟ್ಟಿನಲ್ಲಿ ಹಾಕಿದ ಚೆಂಡುಗಳನ್ನು ಯಾವ ಮಂಡಳಿ ತಾನೆ ಸೇರಿಸೀತು?

1911ರಲ್ಲಿ ಇಂಡಿಯಾದ ತಂಡವೊಂದು ಇಂಗ್ಲೆಂಡಿಗೆ ಹಡಗು ಹತ್ತಿತು. ಪಾರ್ಸಿ, ಹಿಂದೂ, ಮುಸ್ಲಿಂ ಎಂದು ಪಾಲು ಹಾಕಿ ಆರಿಸಿದ ತಂಡ. ಅದರ ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19. ಐದನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷ ಅದು. ಮಹಾರಾಜರಿಗೆ ಲಂಡನ್ನಿನ ಔತಣಗಳೇ ಹೆಚ್ಚು ರುಚಿಸಿದವು, ಅಂಗಳದಲ್ಲಿ ಕಾಣಿಸಿಕೊಂಡದ್ದು ಅಪರೂಪ. ತಂಡ ಸೋಲಿನ ಮೇಲೆ ಸೋಲು ತಿಂದಿತು. 23 ಪಂದ್ಯಗಳಲ್ಲಿ 15 ಸೋಲು, 6 ಗೆಲುವು. ಕೌಂಟಿಗಳ ಪೈಕಿ ಲೀಸ್ಟರ್‌ಶೈರ್ ಮತ್ತು ಸಾಮರ್ಸೆಟ್ ಎದುರು ಮಾತ್ರ ಗೆದ್ದರು. ಸಾಮರ್ಸೆಟ್ ಎದುರು ಒಂದೇ ವಿಕೆಟ್ ಉಳಿದಿರುವಾಗ ಗೆದ್ದದ್ದು ಶಿವರಾಮರ ಶತಕದಿಂದ.

ಈ ಸೋಲುಗಳ ನಡುವೆ ಬಾಳೂ ಒಬ್ಬರೇ 114 ವಿಕೆಟ್ ತೆಗೆದರು. ಸರಾಸರಿ 18.84. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು 103 ರನ್ನಿಗೆ 8 ವಿಕೆಟ್, ಅದು ಅವರ ಜೀವಮಾನದ ಅತ್ಯುತ್ತಮ. ಹೋಗುವಾಗಲೇ ವಯಸ್ಸು 35, ಬೌಲಿಂಗಿನ ಭಾರ ತೋಳನ್ನು ನೋಯಿಸುತ್ತಿತ್ತು. ಅಲ್ಲಿಯ ಹಸಿ ಹುಲ್ಲಿನ ಪಿಚ್ಚು ಅವರು ರೋಲರ್ ಎಳೆದು ಬಲ್ಲ ಪಿಚ್ಚಲ್ಲ. ಆದರೂ ಆ ನಿಧಾನದ ಚೆಂಡು ಗಾಳಿಯಲ್ಲಿ ಒಂದು ಗಳಿಗೆ ತೂಗಿ, ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ಮುಂಚೆಯೇ ಬಿದ್ದು, ಬಲಗೈ ಬ್ಯಾಟರನಿಂದ ಹೊರಕ್ಕೆ ತಿರುಗಿ ಹೋಗುತ್ತಿತ್ತು. ಇನ್ನೊಂದು ಚೆಂಡು ಅದೇ ಕೈಯಿಂದ, ಅದೇ ಚಲನೆಯಿಂದ ಹೊರಟು ಒಳಗೆ ನುಗ್ಗುತ್ತಿತ್ತು. ಎರಡೂ ಕಡೆ ತಿರುಗಿಸಬಲ್ಲವರು, ದಣಿವೆಂಬುದೇ ಇಲ್ಲದವರು ಎಂದು ನೋಡಿದವರು ಬರೆದರು. ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸ್ ಜೊತೆ ಹೋಲಿಸಿದರು. ಮಹಾರಾಜರ ಹೆಸರಿನ ಪ್ರವಾಸದಲ್ಲಿ ದುಡಿದವರು ಯಾರು ಎಂಬುದಕ್ಕೆ ಈ 114 ಸಾಕು.

ಊರಿಗೆ ಮರಳಿದಾಗ ಮುಂಬಯಿಯ ದಲಿತರು ಸನ್ಮಾನ ಸಭೆ ಸೇರಿಸಿದರು. ಆಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ, ಇಪ್ಪತ್ತು ವರ್ಷದ ಭೀಮರಾವ್ ಅಂಬೇಡ್ಕರ್ ಆ ಸಭೆಯ ಮಾನಪತ್ರ ಸಿದ್ಧಪಡಿಸಿದರೆಂದು ಇತಿಹಾಸಕಾರ ರಾಮಚಂದ್ರ ಗುಹಾ ಬರೆಯುತ್ತಾರೆ. ಅಂಬೇಡ್ಕರರ ಯೌವನದ ವೀರಪುರುಷರಲ್ಲಿ ಬಾಳೂ ಒಬ್ಬರಾಗಿದ್ದರು. ಮುಂದೆ ಈ ಇಬ್ಬರೂ ಎದುರುಬದುರಾಗುವ ದಿನ ಬರುವುದಿತ್ತು.

ಅದಕ್ಕೆ ಮುಂಚೆ ನಾಯಕತ್ವದ ರಗಳೆ. ಹಿಂದೂ ತಂಡದಲ್ಲಿ ಬಾಳೂರಷ್ಟು ಹಳಬರು, ಅವರಷ್ಟು ಗೆಲ್ಲಿಸಿದವರು ಇನ್ನೊಬ್ಬರಿರಲಿಲ್ಲ. 1910ರ ನಂತರ ವರ್ಷವರ್ಷವೂ ಈ ಮಾತು ಏಳುತ್ತಿತ್ತು, ವರ್ಷವರ್ಷವೂ ಸವರ್ಣ ನಾಯಕನೇ ಬರುತ್ತಿದ್ದ. ಎಂ. ಡಿ. ಪೈ ಎಂಬ ಬ್ರಾಹ್ಮಣ ನಾಯಕ ತಮ್ಮ ಸನ್ಮಾನ ಸಭೆಯಲ್ಲೇ ಎದ್ದು ನಿಂತು, ಈ ಗೌರವ ಸಲ್ಲಬೇಕಾದದ್ದು ಬಾಳೂಗೆ ಎಂದುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು, ಆಯ್ಕೆದಾರರು ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಇನ್ನಿಬ್ಬರು ತಮ್ಮಂದಿರು, ವಿಠ್ಠಲ ಮತ್ತು ಗಣಪತ, ತಂಡಕ್ಕೆ ಬಂದಿದ್ದರು. ಒಂದೇ ಮನೆಯ ನಾಲ್ವರು ದುಡಿಯಲು ಬೇಕು, ನಾಯಕನ ಜಾಗಕ್ಕೆ ಒಬ್ಬರೂ ಆಗದು.

1920ರಲ್ಲಿ ಕಟ್ಟೆ ಒಡೆಯಿತು. ಆ ವರ್ಷ ಯುರೋಪಿಯನ್, ಪಾರ್ಸಿ, ಹಿಂದೂ, ಮುಸ್ಲಿಂ ಎಂಬ ನಾಲ್ಕು ತಂಡಗಳ ಪಂದ್ಯಾವಳಿಯ ಮೊದಲಿಗೆ ಬಾಳೂರನ್ನೇ ಕೈಬಿಟ್ಟರು. ಪೈ ಕಾಯಿಲೆ ಬಿದ್ದಿದ್ದರು, ಬದಲಿ ನಾಯಕನ ಆಯ್ಕೆಯಲ್ಲಿ ಮತ್ತೆ ಜಾತಿಯೇ ಕೈ ಆಡಿಸಿತು. ಶಿವರಾಮ ಮತ್ತು ವಿಠ್ಠಲ ತಂಡದಿಂದ ಹಿಂದೆ ಸರಿದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು. ಅಸ್ಪೃಶ್ಯತೆ ಹೋಗದೆ ಸ್ವರಾಜ್ಯ ಬಾರದು ಎಂದು ಗಾಂಧಿ ಹೇಳತೊಡಗಿದ್ದ ಕಾಲ. ಜನಾಭಿಪ್ರಾಯ ಸಹೋದರರ ಕಡೆ ವಾಲಿತು. ಕೊನೆಗೆ ರಾಜಿಯಾಗಿ ಅಂತಿಮ ಪಂದ್ಯಕ್ಕೆ ಪೈ ನಾಯಕ, ಬಾಳೂ ಉಪನಾಯಕ. ಪಂದ್ಯದ ನಡುವೆ ಪೈ ಬೇಕೆಂದೇ ಅಂಗಳ ಬಿಟ್ಟು ಒಳಗೆ ಹೋಗಿ ಕೂತರು. ಸ್ವಲ್ಪ ಹೊತ್ತು ಫೀಲ್ಡರುಗಳನ್ನು ಅತ್ತಿತ್ತ ಸರಿಸಿ ನಿಲ್ಲಿಸುವ ಅಧಿಕಾರ ಬಾಳೂ ಕೈಗೆ ಬಂತು. ಅದೇ ಡಿಸೆಂಬರಿನಲ್ಲಿ ಅವರ ಪ್ರಥಮ ದರ್ಜೆ ಆಟ ಮುಗಿಯಿತು. ನಲವತ್ತು ದಾಟಿದ ಮೇಲೆ, ಅದೂ ಇನ್ನೊಬ್ಬರ ಸೌಜನ್ಯದಿಂದ, ಅಷ್ಟು ಹೊತ್ತಿನ ನಾಯಕತನ.

ಆ ವರ್ಷದ ಫೆಬ್ರವರಿಯಲ್ಲೇ ರೂಬ್ ಫಾಸ್ಟರ್ ಕನ್ಸಾಸ್ ಸಿಟಿಯಲ್ಲಿ ಕಪ್ಪು ತಂಡಗಳ ಮಾಲೀಕರನ್ನು ಕೂಡಿಸಿ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದ್ದ. ಅವನು ಹೊರಗೆ ನಿಂತು ಬೇರೆ ಮನೆ ಕಟ್ಟಿದ, ಬಾಳೂ ಇದ್ದ ಮನೆಯಲ್ಲೇ ನಡುಮನೆಗೆ ಬರಲು ಕಾದರು. ಯಾವುದು ಸರಿ ಎಂದು ಹೇಳಲು ನನಗೆ ಧೈರ್ಯವಿಲ್ಲ. ಫಾಸ್ಟರನ ಬೆನ್ನಿಗೆ ಟಿಕೆಟ್ ಕೊಂಡು ಬರುವ ಲಕ್ಷಾಂತರ ಕಪ್ಪು ನಗರವಾಸಿಗಳಿದ್ದರು. ಮುಂಬಯಿಯ ಕ್ರಿಕೆಟ್ಟು ಧರ್ಮದ ಹೆಸರಲ್ಲಿ ಹಂಚಿಹೋಗಿತ್ತು. ಅದರಲ್ಲಿ ದಲಿತರಿಗೆಂದು ಐದನೇ ತಂಡ ಕಟ್ಟಲು ಹೊರಟಿದ್ದರೆ ಅಂಗಳ ಯಾರು ಕೊಡುತ್ತಿದ್ದರು?

1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು. ಅಣ್ಣನಿಗೆ ತಪ್ಪಿದ್ದು ತಮ್ಮನಿಗೆ ದಕ್ಕಿತು. ಅವರ ನಾಯಕತ್ವದಲ್ಲಿ ತಂಡ ಯುರೋಪಿಯನ್ನರನ್ನು ಸೋಲಿಸಿದಾಗ ಸವರ್ಣ ಹುಡುಗರೇ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ವಿಠ್ಠಲ ಬ್ಯಾಟರ್ ಎಂಬುದನ್ನು ಗಮನಿಸಿ. ನಾಯಕತ್ವ ಮನೆಗೆ ಬಂದದ್ದು ಬ್ಯಾಟು ಹಿಡಿದವನ ಮೂಲಕ.

ಇಲ್ಲಿ ಒಂದು ಸಿನಿಮಾದ ಮಾತು. 2001ರ ಲಗಾನ್‌ನಲ್ಲಿ ಕಚ್ರಾ ಎಂಬ ಅಸ್ಪೃಶ್ಯ ಸ್ಪಿನ್ನರ್ ಬರುತ್ತಾನಲ್ಲ, ಅವನಿಗೆ ಬಾಳೂ ಸ್ಫೂರ್ತಿ ಎನ್ನುತ್ತಾರೆ. ನನಗೆ ಆ ಪಾತ್ರದ ಬಗ್ಗೆ ಮೊದಲಿನಿಂದಲೂ ಸಿಟ್ಟು. ಅವನ ಕೈ ಊನ, ಅದರಿಂದ ಚೆಂಡು ತಾನಾಗಿ ತಿರುಗುತ್ತದೆ. ನಾಯಕ ಅದನ್ನು ಕಂಡುಹಿಡಿದು, ಊರವರಿಗೆ ಭಾಷಣ ಮಾಡಿ, ಅವನನ್ನು ಸೇರಿಸಿಕೊಳ್ಳುತ್ತಾನೆ. ಕಚ್ರಾ ಕಲಿತದ್ದೇನೂ ಇಲ್ಲ, ಕೇಳಿದ್ದೂ ಏನೂ ಇಲ್ಲ. ಬಾಳೂ ಹಾಗಲ್ಲ. ಅವರ ಸ್ಪಿನ್ನು ನೂರಾರು ಗಂಟೆ ನೆಟ್ಟಿನಲ್ಲಿ ಬೆರಳು ಸವೆಸಿ ಕಲಿತದ್ದು, ಅದೂ ದೇಶದ ಅತ್ಯುತ್ತಮ ಬ್ಯಾಟರನ ಎದುರು. ಕಸುಬು ಕಲಿತವನನ್ನು ಪವಾಡದ ಮನುಷ್ಯನನ್ನಾಗಿ ಮಾಡಿದರೆ ನೋಡುವವರಿಗೆ ಕಣ್ಣೀರು ಬರುತ್ತದೆ, ದುಡಿದದ್ದು ಮರೆತುಹೋಗುತ್ತದೆ.

ಧಾರವಾಡದ ಮಣ್ಣು ಇನ್ನೊಬ್ಬ ಎಡಗೈ ಸ್ಪಿನ್ನರನನ್ನು ಕೊಟ್ಟಿತು. ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ ಅಲ್ಲಿ ಹುಟ್ಟಿದ ಸುನೀಲ್ ಜೋಶಿ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ವಾಪಸು ಬರುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್. ನಮ್ಮ ಕಡೆ ಗಲ್ಲಿ ಕ್ರಿಕೆಟ್ಟಿನ ಎಡಚರು ಬಹುಕಾಲ ಜೋಶಿಯೇ ಆಗಿದ್ದರು. ಬಾಳೂ ಆಗಿದ್ದವರನ್ನು ನಾನು ಕಂಡಿಲ್ಲ.

ಆಟ ಬಿಟ್ಟ ಮೇಲೆ ಬಾಳೂ ರಾಜಕೀಯಕ್ಕೆ ಬಂದರು. 1932ರ ಸೆಪ್ಟೆಂಬರಿನಲ್ಲಿ ಪುಣೆಯ ಯೆರವಡಾ ಸೆರೆಮನೆಯಲ್ಲಿ ಗಾಂಧಿ ಉಪವಾಸ ಕೂತರು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ಅಂಬೇಡ್ಕರ್, ಬೇಡವೆಂದು ಗಾಂಧಿ. ಬಾಳೂ ಮದ್ರಾಸಿನ ಎಂ. ಸಿ. ರಾಜಾ ಜೊತೆ ಗಾಂಧಿಯ ಕಡೆ ನಿಂತರು. ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರ ಪಟ್ಟಿಯಲ್ಲಿ ಅವರ ಹೆಸರೂ ಇದೆ. 1935ರಲ್ಲಿ ಅಂಬೇಡ್ಕರ್ ಹಿಂದೂವಾಗಿ ಸಾಯಲಾರೆ ಎಂದಾಗ ಬಾಳೂ ಅದನ್ನು ವಿರೋಧಿಸಿದರು.

ಈ ಕಾರಣಕ್ಕೆ ಅವರನ್ನು ಬದಿಗೆ ತಳ್ಳುವವರಿದ್ದಾರೆ. ನಾನು ಹಾಗೆ ಮಾಡಲಾರೆ. ಹೊರಗಿನ ಮಣ್ಣಿನ ಕುಡಿಕೆಯಿಂದ ಒಳಗಿನ ಊಟದ ಮೇಜಿನ ತನಕ ತಾವೇ ನಡೆದು ಬಂದವರಿಗೆ ಮನಸ್ಸುಗಳು ಕರಗುತ್ತವೆ ಎಂಬ ನಂಬಿಕೆ ಸಹಜ. ರಾನಡೆ, ಕೀರ್ತಿಕರ್, ಪೈ ಇವರೆಲ್ಲ ಬಾಳೂ ಕಣ್ಣೆದುರೇ ಇದ್ದರು. ಆದರೆ ಆ ಮೇಜಿಗೆ ಬರಲು ಅವರಿಗೆ ರಹದಾರಿಯಾದದ್ದು ಎಡಗೈಯ ಬೆರಳು. ಕೋಟ್ಯಂತರ ಜನರ ಬಳಿ ಅದಿರಲಿಲ್ಲ. ಅಂಬೇಡ್ಕರ್ ಯೋಚಿಸುತ್ತಿದ್ದದ್ದು ಆ ಜನರ ಬಗ್ಗೆ. ಈ ವಾದದಲ್ಲಿ ನನ್ನ ಮತ ಅಂಬೇಡ್ಕರರಿಗೆ.

1937ರಲ್ಲಿ ಮತದಾರರೂ ಹಾಗೇ ಹೇಳಿದರು, ತುಸು ಅಂತರದಲ್ಲಿ. ಮುಂಬಯಿ ಶಾಸನಸಭೆಯ ಮೀಸಲು ಸ್ಥಾನಕ್ಕೆ ಅಂಬೇಡ್ಕರ್ ತಮ್ಮ ಇಂಡಿಪೆಂಡೆಂಟ್ ಲೇಬರ್ ಪಾರ್ಟಿಯಿಂದ ನಿಂತರು, ಕಾಂಗ್ರೆಸ್ಸು ಬಾಳೂರನ್ನು ನಿಲ್ಲಿಸಿತು. ಬೈಕುಲ್ಲಾ, ಪರೇಲಿನ ಗಿರಣಿ ಕೆಲಸಗಾರರ ಕೇರಿಗಳಲ್ಲಿ ಪ್ರಚಾರ. ಮಾನಪತ್ರ ಬರೆದವರಿಗೆ 13,245 ಮತ, ಮಾನಪತ್ರ ಪಡೆದವರಿಗೆ 11,225. ಅರವತ್ತರ ಹಳೇ ಬೌಲರನಿಗೆ ಅಂಬೇಡ್ಕರರ ಎದುರು ಇಷ್ಟು ಮತ ಬಿದ್ದದ್ದು ಬರೀ ಕಾಂಗ್ರೆಸ್ಸಿನ ಬಲದಿಂದ ಎಂದು ನನಗನ್ನಿಸುವುದಿಲ್ಲ. ಆ ಕೇರಿಗಳ ಗಂಡಸರು ಹುಡುಗರಾಗಿದ್ದಾಗ ಬೇಲಿಯಾಚೆ ನಿಂತು ಅವರು ಬಿಳಿಯರ ವಿಕೆಟ್ ಉರುಳಿಸಿದ್ದನ್ನು ನೋಡಿದ್ದರು.

ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ವಿಠ್ಠಲ ಅದಕ್ಕೆ ಏಳು ವರ್ಷ ಮೊದಲೇ, 1948ರಲ್ಲಿ, ಮಾಝೆ ಕ್ರೀಡಾ ಜೀವನ ಎಂಬ ಆತ್ಮಕಥೆಯನ್ನು ಮರಾಠಿಯಲ್ಲಿ ಪ್ರಕಟಿಸಿದ್ದರು. ಅರ್ಧ ಶತಮಾನ ಅದನ್ನು ಕೇಳುವವರಿರಲಿಲ್ಲ. 2002ರಲ್ಲಿ ಬೆಂಗಳೂರಿನಲ್ಲಿ ಕೂತು ಗುಹಾ ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಇತಿಹಾಸ ಬರೆದು ಮುಗಿಸಿದಾಗ, ವಿಠ್ಠಲರ ಆತ್ಮಕಥೆಯ ಆಧಾರದಿಂದ ಬಾಳೂ ಮತ್ತೆ ಓದುಗರ ಮುಂದೆ ಬಂದರು.